ಅಮ್ಮ ಕೋಚ್ ಆದ ಮಳೆಗಾಲ

ಆಗ ಅತ್ತಿಗುಪ್ಪೆಯಲ್ಲಿ ಮೆಟ್ರೋ ಕಂಬಗಳು ಇನ್ನೂ ಅರ್ಧಕ್ಕೆ ನಿಂತಿದ್ದವು. ವಿಜಯನಗರದಿಂದ ಚಂದ್ರಾ ಲೇಔಟ್‌ವರೆಗೆ ನಡೆದರೆ ಚಪ್ಪಲಿಗೆಲ್ಲ ಕೆಂಪು ಮಣ್ಣು, ಮೂಗಿನ ತುಂಬ ಸಿಮೆಂಟಿನ ಧೂಳು. ನಮ್ಮ ರಸ್ತೆಯ ಮಕ್ಕಳು ಸಂಜೆಯ ಹೊತ್ತು ಇನ್ನೂ ಕುಂಟೆಬಿಲ್ಲೆ ಆಡುತ್ತಿದ್ದರು. ನಾನು ನಾಲ್ಕನೆಯ ತರಗತಿಯಲ್ಲಿದ್ದೆ. ಆ ಮಳೆಗಾಲದಲ್ಲಿ ಮಾತ್ರ ನಾನು ಅವರ ಜೊತೆ ಆಡಲಿಲ್ಲ. ಶಾಲೆ ಬಿಟ್ಟೊಡನೆ ಅಮ್ಮನ ಹಿಂದೆ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಹೋಗುತ್ತಿದ್ದೆ.

ಅಮ್ಮ ಆ ವರ್ಷ ಚಂದ್ರಾ ಲೇಔಟ್ ಬಳಿಯ ಒಂದು ಮಹಿಳಾ ಕಾಲೇಜಿನ ತಂಡಕ್ಕೆ ಹೆಡ್ ಕೋಚ್ ಆಗಿದ್ದಳು. ಹೆಡ್ ಎಂದ ಮೇಲೆ ಅವಳ ಕೈಕೆಳಗೆ ಇನ್ನಷ್ಟು ಕೋಚ್‌ಗಳಿರಬೇಕು ಎಂದು ನಾನು ತಿಳಿದಿದ್ದೆ. ಯಾರೂ ಇರಲಿಲ್ಲ. ಚೆಂಡುಗಳಿಗೆ ಗಾಳಿ ತುಂಬುವವಳೂ ಅವಳೇ, ಮಳೆ ನಿಂತ ಮೇಲೆ ವೈಪರ್ ಹಿಡಿದು ಅಂಕಣದ ನೀರು ತಳ್ಳುವವಳೂ ಅವಳೇ. ಒದ್ದೆ ಸಿಮೆಂಟು ಮತ್ತು ರಬ್ಬರು ಸೇರಿದ ಒಂದು ವಾಸನೆ ಅಲ್ಲಿ ಯಾವಾಗಲೂ ಇರುತ್ತಿತ್ತು.

ಕೆಲಸ ಒಂದೇ ವರ್ಷದ್ದು. ತಂಡ ಅಂತರಕಾಲೇಜು ಪಂದ್ಯಾವಳಿಯ ಫೈನಲ್ ತಲುಪಿದರೆ ಅಮ್ಮನನ್ನು ಮುಂದುವರಿಸುತ್ತೇವೆ, ಇಲ್ಲದಿದ್ದರೆ ತಂಡವನ್ನೇ ನಿಲ್ಲಿಸುತ್ತೇವೆ ಎಂದು ಪ್ರಿನ್ಸಿಪಾಲರು ಮೊದಲ ದಿನವೇ ಹೇಳಿದ್ದರು. ಆ ತಂಡ ಮೊದಲ ಸುತ್ತು ದಾಟಿದ್ದನ್ನು ಕಂಡವರಿರಲಿಲ್ಲ. ಇತ್ತ ಕೆಂಗೇರಿಯ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಕೆಲಸ ಖಾಲಿ ಇತ್ತು. ಖಾಯಂ ಕೆಲಸ. ಅಪ್ಪ ಅಲ್ಲಿ ಮಾತಾಡಿ ಇಟ್ಟಿದ್ದರು.

"ಅವರಾದ್ರೂ ಎಷ್ಟು ದಿನ ಅಂತ ಕಾಯ್ತಾರೆ?" ಊಟಕ್ಕೆ ಕೂತಾಗ ಅಪ್ಪ ಕೇಳುತ್ತಿದ್ದರು.

"ಟೂರ್ನಮೆಂಟ್ ಮುಗೀಲಿ ಕಣ್ರೀ."

"ಮುಗಿಯೋ ಹೊತ್ತಿಗೆ ಎರಡೂ ಕೈ ಬಿಟ್ಟು ಹೋದ್ರೆ?"

ಅಮ್ಮ ಅವರ ತಟ್ಟೆಗೆ ಇನ್ನೊಂದು ಸೌಟು ಹುಳಿ ಹಾಕುತ್ತಿದ್ದಳು. ಅಪ್ಪ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದರು. ಫೈನಲ್‌ಗೆ ಹೋಗದಿದ್ದರೆ ಮಾರನೆಯ ದಿನವೇ ಅಮ್ಮ ಕೆಂಗೇರಿಯ ಶಾಲೆಗೆ ಸೇರಬೇಕು, ಮತ್ತೆ ಕೋಚ್ ಕೆಲಸದ ಮಾತೆತ್ತಬಾರದು. ಒಪ್ಪಿದೆ ಎನ್ನುವಾಗ ಅವಳ ದನಿ ಎಷ್ಟು ಸಣ್ಣದಾಗಿತ್ತೆಂದರೆ, ಅವಳು ಗೆಲ್ಲಲೇಬೇಕು ಎಂದು ನನಗೆ ಅನ್ನಿಸಿದ್ದು ಅಲ್ಲೇ, ಆ ಊಟದ ನಡುವೆ.

ತಂಡಕ್ಕೆ ಒಂದು ರೋಗವಿತ್ತು. ಚೆಂಡು ಯಾರಿಗೆ ಸಿಕ್ಕರೂ ಕೊನೆಗೆ ಶಿಲ್ಪಾಳ ಕೈಗೇ ಹೋಗುತ್ತಿತ್ತು. ಶಿಲ್ಪಾ ನಾಯಕಿ, ಕೊನೆಯ ವರ್ಷದ ಬಿ.ಕಾಂ. ಹುಡುಗಿ. ಉಳಿದವರೆಲ್ಲ ಅವಳಿಗಿಂತ ಚಿಕ್ಕವರು. ಶಿಲ್ಪಕ್ಕ ಎದುರಿಗಿರುವಾಗ ತಾವು ಬುಟ್ಟಿಗೆ ಎಸೆಯುವುದು ಅಧಿಕಪ್ರಸಂಗ ಎಂದು ಅವರು ತಿಳಿದಿದ್ದರು. ಇದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಮನೆಯಲ್ಲಿ ದೊಡ್ಡವರ ಎದುರು ಕಾಲು ಮಡಚಿ ಕೂರುವ ಹಾಗೆ ತಾನಾಗಿ ಬಂದಿತ್ತು. ಎದುರಾಳಿಗಳಿಗೂ ಇದು ಗೊತ್ತಿತ್ತು. ಇಬ್ಬರು ಸೇರಿ ಶಿಲ್ಪಾಳನ್ನು ಕಟ್ಟಿಹಾಕಿದರೆ ಆಟ ಮುಗಿದಂತೆ.

ಗೌರಿ ಎಂಬ ಮೊದಲ ವರ್ಷದ ಹುಡುಗಿಯೊಬ್ಬಳಿದ್ದಳು. ಕುಳ್ಳಿ, ಆದರೆ ಅಳಿಲಿನ ಹಾಗೆ ಓಡುತ್ತಿದ್ದಳು. ಒಂದು ಸಂಜೆ ಅಮ್ಮ ಸೀಟಿ ಊದಿ ಆಟ ನಿಲ್ಲಿಸಿದಳು.

"ಗೌರಿ, ಬುಟ್ಟಿ ಕೆಳಗೆ ಒಬ್ಳೇ ನಿಂತಿದ್ದೆಯಲ್ಲ. ಬಾಲ್ ಯಾಕೆ ಕೇಳ್ಲಿಲ್ಲ?"

"ಕೇಳ್ದೆ ಮಿಸ್."

"ಏನಂತ?"

"ಅಕ್ಕಾ, ಆಗೋದಾದ್ರೆ ಸ್ವಲ್ಪ ಈ ಕಡೆ ಕೊಡ್ತೀರಾ ಅಂತ."

ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮ ನಗಲಿಲ್ಲ.

"ನೀನು ಅಷ್ಟು ಹೇಳಿ ಮುಗಿಸೋಷ್ಟ್ರಲ್ಲಿ ಆ ಟೀಮ್‌ನೋರು ಗೆದ್ದು, ಕಾಫಿ ಕುಡಿದು, ಬಸ್ ಹತ್ತಿರ್ತಾರೆ ಕಣೇ. ಎಲ್ರೂ ಕೇಳಿ. ಇವತ್ತಿಂದ ಈ ಗೆರೆ ಒಳಗೆ ಯಾರೂ ಅಕ್ಕ ಅಲ್ಲ. ಹೆಸರು ಹಿಡಿದು ಕೂಗ್ಬೇಕು. ಖಾಲಿ ಇರೋರಿಗೆ ಬಾಲು, ದೊಡ್ಡೋರಿಗಲ್ಲ."

"ಪಾಪ ಬರುತ್ತೆ ಮಿಸ್," ಎಂದಳು ಗೌರಿ.

"ಬಂದ್ರೆ ನನ್ನ ತಲೆ ಮೇಲೆ ಬರ್ಲಿ ಬಿಡು."

ಮತ್ತೆ ಆಟ ಶುರುವಾಯಿತು. ಯಾರೋ ಮೆಲ್ಲಗೆ, ನೀರಿಗೆ ಕಾಲಿಟ್ಟು ನೋಡುವವರಂತೆ, "ಶಿಲ್ಪಾ" ಎಂದರು. ಶಿಲ್ಪಾ ಚೆಂಡನ್ನು ಕಂಕುಳಿಗೆ ಸೇರಿಸಿ ನಿಂತುಬಿಟ್ಟಳು. "ಯಾರೇ ಅದು?"

ಅವಳು ನೇರ ಅಮ್ಮನ ಬಳಿ ಬಂದಳು. "ಮೂರು ವರ್ಷದಿಂದ ಈ ಟೀಮ್ ಎಳೀತಾ ಇದೀನಿ ಮಿಸ್. ನಿನ್ನೆ ಮೊನ್ನೆ ಬಂದೋರ ಹತ್ರ ಹೀಗೆಲ್ಲ ಕರೆಸ್ಕೊಳೋಕೆ ನನ್ ಕೈಲಾಗಲ್ಲ." ಚೆಂಡನ್ನು ನನ್ನ ಪಕ್ಕದಲ್ಲಿ ಇಟ್ಟು, ಬ್ಯಾಗ್ ಹೆಗಲಿಗೇರಿಸಿ ಹೊರಟುಹೋದಳು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಪಂದ್ಯಾವಳಿ ಹತ್ತಿರ ಬರುತ್ತಿತ್ತು. ಮನೆಯಲ್ಲಿ ಅಮ್ಮ ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತರೆ, ನಾರನ್ನು ಪಾತ್ರೆಗೆ ಹಾಕಿ ಕಾಯಿಯನ್ನು ಕಸಕ್ಕೆ ಎಸೆಯುತ್ತಿದ್ದಳು.

"ಅವಳ ಮನೆಗೇ ಹೋಗಿ ಸಾರಿ ಅಂದ್ಬಿಡು. ಚಿಕ್ಕ ಹುಡುಗಿ, ಬರ್ತಾಳೆ," ಎಂದರು ಅಪ್ಪ.

"ಸಾರಿ ಅಂದ್ರೆ ಹುಡುಗಿ ಬರ್ತಾಳೆ, ಆಟ ಹೋಗುತ್ತೆ."

"ಅವಳಿಲ್ದೆ ಆಟ ಇದೆಯೇನೇ?"

ಅಮ್ಮ ಎದ್ದು ಅಡುಗೆಮನೆಗೆ ಹೋದಳು.

ಪಂದ್ಯಾವಳಿಯ ಹಿಂದಿನ ಸಂಜೆ ಶಿಲ್ಪಾ ಬಂದಳು, ಅವಳಿಗೆ ಅದು ಕೊನೆಯ ಪಂದ್ಯಾವಳಿ. ಯಾರನ್ನೂ ನೋಡದೆ ಶೂ ಲೇಸ್ ಕಟ್ಟಿಕೊಂಡಳು. ಅಮ್ಮ "ಎರಡು ರೌಂಡ್ ಓಡು" ಎಂದಳು, ಅಷ್ಟೇ. ಮೊದಲ ಸುತ್ತು ಗೆದ್ದರು. ಮುಂದಿನದನ್ನೂ ಕಷ್ಟಪಟ್ಟು ಗೆದ್ದರು. ಉಳಿದ ಹುಡುಗಿಯರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುವುದನ್ನು ಕಲಿತಿದ್ದರು. ಆದರೆ ಶಿಲ್ಪಾಳ ಹೆಸರು ಯಾರ ಬಾಯಿಂದಲೂ ಹೊರಡುತ್ತಿರಲಿಲ್ಲ. ಗೌರಿಯಂತೂ ಬುಟ್ಟಿಯ ಕೆಳಗೆ ಕೈಯೆತ್ತಿ ಸುಮ್ಮನೆ ಕುಣಿಯುತ್ತಿದ್ದಳು.

ಸೆಮಿಫೈನಲ್ ಬಸವೇಶ್ವರನಗರದ ಒಂದು ಕಾಲೇಜಿನಲ್ಲಿ. ಗಣೇಶನನ್ನು ಕೂರಿಸಿದ್ದ ದಿನಗಳು, ಪಕ್ಕದ ರಸ್ತೆಯ ಪೆಂಡಾಲಿನಿಂದ ತಮಟೆಯ ಸದ್ದು ಒಂದೇ ಸಮ ಬರುತ್ತಿತ್ತು. ನಾನು ತಂಡದ ಬೆಂಚಿನ ತುದಿಯಲ್ಲಿ ಕೂತಿದ್ದೆ. ಅರ್ಧ ಆಟದ ವಿರಾಮಕ್ಕೆಂದು ಹೆಚ್ಚಿಟ್ಟಿದ್ದ ಕಿತ್ತಳೆ ಹೋಳುಗಳನ್ನು ಯಾರೂ ಮುಟ್ಟಲಿಲ್ಲ. ಹಿಂದಿನ ಮೆಟ್ಟಿಲ ಮೇಲಿದ್ದ ಹುಡುಗರು ಗೌರಿಯನ್ನು ಕಂಡು, "ಲೋ ಮಗಾ, ಪ್ರೈಮರಿ ಸ್ಕೂಲ್‌ನಿಂದ ಪ್ಲೇಯರ್ ಕರ್ಕೊಂಡ್ ಬಂದವ್ರೆ ನೋಡೋ" ಎಂದು ಕಿರುಚುತ್ತಿದ್ದರು.

ಆಟ ಮುಗಿಯಲು ಕೆಲವೇ ಕ್ಷಣಗಳಿದ್ದಾಗ ನಾವು ಒಂದು ಪಾಯಿಂಟ್ ಹಿಂದಿದ್ದೆವು. ಅಮ್ಮ ಟೈಮ್ ಔಟ್ ಕೇಳಿದಳು. ಹುಡುಗಿಯರು ಸುತ್ತ ನಿಂತರು. ಅವರ ಬೆವರು ನನ್ನ ಮೊಣಕಾಲ ಮೇಲೆ ತೊಟ್ಟಿಕ್ಕುತ್ತಿತ್ತು.

"ಶಿಲ್ಪಾ, ಬಾಲ್ ನಿನ್ನ ಹತ್ರ ಬರುತ್ತೆ. ಇಬ್ರೂ ನಿನ್ ಮೇಲೇ ಬೀಳ್ತಾರೆ. ಗೌರಿ, ಆಗ ನೀನು ಖಾಲಿ ಇರ್ತೀಯ. ಅವಳಿಗೆ ನೀನು ಕಾಣಲ್ಲ. ಕೂಗಿದ್ರೆ ಮಾತ್ರ ಗೊತ್ತಾಗೋದು."

ಗೌರಿ ಶಿಲ್ಪಾಳ ಕಡೆ ನೋಡಿದಳು. ಶಿಲ್ಪಾ ನೆಲ ನೋಡುತ್ತಿದ್ದಳು.

ಎಲ್ಲವೂ ಅಮ್ಮ ಹೇಳಿದಂತೆಯೇ ನಡೆಯಿತು. ಚೆಂಡು ಶಿಲ್ಪಾಳಿಗೆ ಬಂತು, ಇಬ್ಬರು ಅವಳನ್ನು ಮೂಲೆಗೆ ಒತ್ತಿದರು, ಅವಳ ಬೆನ್ನು ಬುಟ್ಟಿಯ ಕಡೆಗಿತ್ತು. ಗೌರಿ ಬುಟ್ಟಿಯ ಕೆಳಗೆ ಒಬ್ಬಳೇ ನಿಂತಿದ್ದಳು. ಬಾಯಿ ತೆರೆದಿತ್ತು, ದನಿ ಬರಲಿಲ್ಲ. ಅಮ್ಮನೂ ಕೂಗಲಿಲ್ಲ. ಎರಡೂ ಕೈಗಳಿಂದ ತನ್ನ ದುಪಟ್ಟಾ ಹಿಂಡುತ್ತಿದ್ದಳು.

"ಶಿಲ್ಪಾ! ಇಲ್ಲಿ ಕೊಡೇ!"

ತಮಟೆಯನ್ನೂ ಮೀರಿ ಕೇಳಿಸಿತು. ಶಿಲ್ಪಾ ತಿರುಗಿ ಕೂಡ ನೋಡದೆ, ದನಿ ಬಂದ ಕಡೆಗೆ ಚೆಂಡು ಎಸೆದಳು. ಗೌರಿ ಹಿಡಿದು ಮೇಲಕ್ಕೆ ಹಾರಿದಳು, ಎದುರಾಳಿಯೊಬ್ಬಳು ಓಡಿಬಂದು ಅವಳ ಕೈಗೆ ಹೊಡೆದಳು, ಸೀಟಿ ಕೇಳಿತು. ಫೌಲ್. ಗೌರಿಗೆ ಎರಡು ಫ್ರೀ ಥ್ರೋ, ಯಾರೂ ಅಡ್ಡ ಬರದ ಎಸೆತ, ಬಿದ್ದರೆ ಒಂದೊಂದು ಪಾಯಿಂಟ್.

ಮೊದಲನೆಯದು ಬಿತ್ತು. ಸಮ. ಎರಡನೆಯದಕ್ಕೆ ಅವಳು ಚೆಂಡನ್ನು ನೆಲಕ್ಕೆ ಪುಟಿಸಿ, ಮತ್ತೆ ಪುಟಿಸಿ, ಎಸೆಯದೇ ನಿಂತಳು. ಶಿಲ್ಪಾ ಅವಳ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಅಂದಳು. ಗೌರಿ ಫಕ್ಕನೆ ನಕ್ಕಳು. ನಗುತ್ತಲೇ ಎಸೆದಳು. ಚೆಂಡು ಉಂಗುರದ ಮೇಲೆ ಕುಪ್ಪಳಿಸಿ, ಯೋಚಿಸಿ, ಒಳಗಿಳಿಯಿತು.

ಏನಂದಳೆಂದು ಆಮೇಲೆ ಗೌರಿಯೇ ನನಗೆ ಹೇಳಿದಳು. "ಇದು ಬಿದ್ರೆ ಜೀವನಪೂರ್ತಿ ಹೆಸರು ಹಿಡಿದು ಕರಿ. ಬೀಳ್ದೆ ಇದ್ರೆ ಶಿಲ್ಪಾ ಮೇಡಂ ಅನ್ಬೇಕು."

ಆಟ ಮುಗಿದ ಸೀಟಿ ಕೇಳಿದಾಗ ಅಮ್ಮ ಕುಣಿಯಲಿಲ್ಲ. ಬೆಂಚಿನ ಮೇಲೆ ಕುಸಿದು ಕೂತು ನನ್ನ ತಲೆಯ ಮೇಲೆ ಕೈಯಿಟ್ಟಳು. ಆ ಕೈ ತಣ್ಣಗಿತ್ತು. ಗೇಟಿನ ಬಳಿ ಅಪ್ಪ ಹೆಲ್ಮೆಟ್ ಹಿಡಿದು ನಿಂತಿದ್ದರು. ಯಾವಾಗ ಬಂದಿದ್ದರೋ ಗೊತ್ತಿಲ್ಲ.

"ಕೆಂಗೇರಿಯವರಿಗೆ ಏನು ಹೇಳ್ಲಿ?" ಎಂದರು.

"ನಮಸ್ಕಾರ ಹೇಳಿ," ಎಂದಳು ಅಮ್ಮ. ಅಪ್ಪ ನಕ್ಕುಬಿಟ್ಟರು.

ಫೈನಲ್‌ನಲ್ಲಿ ಸೋತೆವು. ಆದರೆ ಅಮ್ಮನ ಕೆಲಸ ಉಳಿಯಿತು, ಮುಂದಿನ ವರ್ಷ ಶಿಲ್ಪಾ ಓದು ಮುಗಿಸಿ ಹೋದ ಮೇಲೂ ಉಳಿದ ಹುಡುಗಿಯರು ಕಪ್ ತಂದರು. ಆ ಗೆಲುವು ಕಂಡು ದೊಡ್ಡ ಕಾಲೇಜೊಂದು ಅವಳನ್ನು ಕರೆಯಿತು, ಅಲ್ಲಿಂದ ಇನ್ನೊಂದು. ಈಗ ಅವಳು ಬೇರೆ ಊರಿನಲ್ಲಿ ಹೆಡ್ ಕೋಚ್. ಅವಳ ಕೈಕೆಳಗೆ ನಿಜವಾಗಿಯೂ ಬೇರೆ ಕೋಚ್‌ಗಳಿದ್ದಾರೆ. ಚಂದ್ರಾ ಲೇಔಟಿನ ಆ ಅಂಕಣದ ಮೇಲೆ ಕಾಲೇಜಿನ ಹೊಸ ಕಟ್ಟಡ ಎದ್ದಿದೆ, ಕೆಳಗೆ ಸ್ಕೂಟರುಗಳು ನಿಲ್ಲುತ್ತವೆ.

ಮಿಕ್ಕದ್ದರ ಬಗ್ಗೆ ನಾನು ಯಾರೊಂದಿಗೂ ಹೆಚ್ಚು ಮಾತಾಡಿಲ್ಲ. ನನ್ನ ಹೈಸ್ಕೂಲಿನ ವರ್ಷಗಳಲ್ಲಿ ಅಪ್ಪ ಮತ್ತು ನಾನು ಇಬ್ಬರೇ ಊಟ ಮಾಡಿದೆವು. ನಾನು ಜ್ವರದಲ್ಲಿ ಮಲಗಿದ್ದಾಗ, ಪಿಯುಸಿ ಫಲಿತಾಂಶ ಬಂದಾಗ, ಮೊದಲ ಕೆಲಸಕ್ಕೆ ಹೊರಟಾಗ ಅವಳು ಯಾವುದೋ ಊರಿನ ಅಂಕಣದ ಪಕ್ಕದಲ್ಲಿ ನಿಂತಿದ್ದಳು. ಫೋನ್ ಮಾಡುತ್ತಾಳೆ, ಹಿಂದೆ ಚೆಂಡು ಪುಟಿಯುವ ಸದ್ದು ಕೇಳುತ್ತದೆ, "ಊಟ ಆಯ್ತಾ ಅನು? ಆಮೇಲೆ ಮಾಡ್ತೀನಿ" ಎನ್ನುತ್ತಾಳೆ. ಬೇರೆ ಮನೆಗಳ ಹೆಣ್ಣುಮಕ್ಕಳು ಅವಳು ತಮಗೆ ಅಮ್ಮನ ಹಾಗೆ ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ.

ಆ ಸಂಜೆ ಗೌರಿ ಎರಡನೆಯ ಫ್ರೀ ಥ್ರೋಗೆ ಚೆಂಡು ಹಿಡಿದಾಗ ನಾನು ಕಣ್ಣು ಮುಚ್ಚಿ, ಇದು ಬೀಳಲಿ ಎಂದು ಬೇಡಿಕೊಂಡಿದ್ದೆ. ಅದು ಬೀಳದೆ, ಸಮವಾದ ಆಟವನ್ನು ನಾವು ಆಮೇಲೆ ಸೋತಿದ್ದರೆ ಅಮ್ಮ ಕೆಂಗೇರಿಯ ಶಾಲೆಯಿಂದ ದಿನಾ ಸಂಜೆ ನಾಲ್ಕಕ್ಕೆ ಮನೆಗೆ ಬರುತ್ತಿದ್ದಳು. ಇವತ್ತು ನನ್ನನ್ನು ಮತ್ತೆ ಅದೇ ಬೆಂಚಿನ ಮೇಲೆ ಕೂರಿಸಿದರೂ ನಾನು ಅದನ್ನೇ ಬೇಡುತ್ತೇನೆ. ಆದರೆ ಬೇಡುವ ಮೊದಲು ಒಂದು ಸಲ ಅಮ್ಮನ ಮುಖ ಕಣ್ತುಂಬ ನೋಡಿಕೊಳ್ಳುತ್ತೇನೆ.