ಐದನೇ ಸ್ಲೇಟಿನ ಉತ್ತರ

ಯಾರಾದರೂ ಇಂಥದ್ದನ್ನು ಹೇಳಿದಾಗ ನಕ್ಕು ಸುಮ್ಮನಾಗುತ್ತಿದ್ದವಳು ನಾನು. ಓದಿದ್ದು ಗಣಿತ, ಮಾಡಿದ್ದು ಲೆಕ್ಕದ ಕೆಲಸ. ಕಾರಣ ಸಿಗಲಿಲ್ಲವೆಂದರೆ ಸರಿಯಾಗಿ ಹುಡುಕಿಲ್ಲ, ಅಷ್ಟೇ ಎಂದುಕೊಂಡಿದ್ದೆ. ಶಿಕಾರಿಪುರದಲ್ಲಿ ನನ್ನ ಅಕ್ಕನ ಮನೆಯ ಜಗಲಿಯಲ್ಲಿ ನಡೆದದ್ದಕ್ಕೆ ಮಾತ್ರ ಎಷ್ಟು ಹುಡುಕಿದರೂ ಕಾರಣ ಸಿಕ್ಕಿಲ್ಲ. ನಡೆದ ಹಾಗೆಯೇ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಐವತ್ತರ ದಶಕದ ಕೊನೆಯ ಮಾತು. ಗಂಡನ ಕೆಲಸದಿಂದಾಗಿ ಕಲ್ಕತ್ತೆಗೆ ಹೋಗಿದ್ದ ನಾನು ಅಲ್ಲಿನ ಒಂದು ಸಂಸ್ಥೆಯಲ್ಲಿ ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸೇರಿದ್ದೆ. ಕೋಣೆ ತುಂಬುವಷ್ಟು ದೊಡ್ಡ ಯಂತ್ರ. ಅದು ಏನು ಮಾಡಬೇಕೆಂದು ಒಂದೊಂದೇ ಹೆಜ್ಜೆಯಾಗಿ ಬರೆದು ಕೊಡಬೇಕು. ಬರೆದದ್ದರಲ್ಲಿ ತಪ್ಪಿದ್ದರೆ ಆ ತಪ್ಪನ್ನೂ ಅದು ಅಷ್ಟೇ ಶ್ರದ್ಧೆಯಿಂದ ಮಾಡಿಬಿಡುತ್ತದೆ. ಅದರ ಮುಂದೆ ಕೂರಲು ಸರದಿ ಸಿಗುವುದೇ ಕಷ್ಟ. ನನ್ನ ಮೊದಲ ಸರದಿ ರಜೆ ಮುಗಿದ ಕೂಡಲೇ ಇತ್ತು. ನಾಲ್ಕು ಉಪನದಿಗಳಿಂದ ಒಂದು ನದಿಗೆ ದಿನದಿನವೂ ಬರುವ ಮಳೆನೀರನ್ನು ಕೂಡಿಸುವ ಲೆಕ್ಕ ಅದು. ಅದನ್ನು ನೋಡಿ ಒಂದು ಅಣೆಕಟ್ಟಿನ ಎತ್ತರ ತೀರ್ಮಾನವಾಗುವುದಿತ್ತು. ನಾನು ತಪ್ಪಿದರೆ ಅಣೆಕಟ್ಟಿನ ಕೆಳಗಿನ ಊರುಗಳ ಗತಿ ಏನು?

ರಜೆಗೆ ಅಕ್ಕನ ಮನೆಗೆ ಬರುವಾಗ ಬಟ್ಟೆಯ ಜೊತೆ ಪ್ರೋಗ್ರಾಮನ್ನೂ ಹೊತ್ತು ತಂದಿದ್ದೆ. ಒಬ್ಬಳೇ ಕೂತು ಎಷ್ಟು ಸಲ ಪರೀಕ್ಷಿಸಿದರೂ ಉತ್ತರ ಸರಿಯಾಗಿಯೇ ಬರುತ್ತಿತ್ತು. ಆದರೂ ಸಮಾಧಾನವಿಲ್ಲ. ಬರೆದವಳೇ ಓದಿದರೆ ತಪ್ಪು ಎಲ್ಲಿ ಕಾಣುತ್ತದೆ? ಆಗ ಹೊಳೆಯಿತು ನೋಡಿ, ಮನೆಯವರನ್ನೇ ಯಂತ್ರ ಮಾಡಿಬಿಟ್ಟರೆ ಹೇಗೆ!

ಭಾವ ಹೈಸ್ಕೂಲು ಮೇಷ್ಟರು. ನನಗಿಂತ ಅವರಿಗೇ ಹುರುಪು, ಓಡಿಹೋಗಿ ಸ್ಲೇಟು ತಂದರು. ಯಂತ್ರದ ನೆನಪಿನಲ್ಲಿ ಅಂಕಿಗಳನ್ನಿಡಲು ಸಾಲಾಗಿ ಮನೆಗಳಿರುತ್ತವೆ. ಅಕ್ಕ ಮೊದಲನೇ ಮನೆಯಾದಳು, ಭಾವನ ತಾಯಿ ಎರಡನೆಯದು. ಪಕ್ಕದ ಮನೆಯ ರುದ್ರಪ್ಪನವರು ಮೂರು, ಅವರ ಹೆಂಡತಿ ಗೌರಮ್ಮ ನಾಲ್ಕು. ಪರೀಕ್ಷೆಗೆಂದು ಸ್ಲೇಟುಗಳ ಮೇಲೆ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಎಂದು ಬರೆದುಕೊಟ್ಟೆ. ನಾನು ಪ್ರೋಗ್ರಾಂ ಓದುತ್ತಾ ಮನೆಯ ಸಂಖ್ಯೆ ಕೂಗಿದಾಗ ಆ ಮನೆಯವರು ತಮ್ಮ ಅಂಕಿ ಹೇಳಬೇಕು, ಭಾವ ಕೂಡಿಸುತ್ತಾ ಹೋಗಬೇಕು. ಉತ್ತರ ಬರದಿದ್ದರೆ ಸೊನ್ನೆ ಎಂದುಕೊಳ್ಳಬೇಕು. ಕೊನೆಗೆ ನೂರು ಬಂದರೆ ಗೆದ್ದಂತೆ.

"ಈ ವಯಸ್ನಾಗ ನಮ್ಮನ್ನ ಮಷೀನ್ ಮಾಡಿ ಕುಂದ್ರಿಸಿಬಿಟ್ಯಲ್ಲಮ್ಮ!" ಎಂದು ರುದ್ರಪ್ಪನವರು ಜೋರಾಗಿ ನಕ್ಕರು.

ಶುರು ಮಾಡಿದೆ. ಕಾಗದದಿಂದ ಕಣ್ಣೆತ್ತದೆ, ಯೋಚಿಸದೆ, ಬರೆದದ್ದನ್ನಷ್ಟೇ ಓದಬೇಕೆಂದು ನಿಶ್ಚಯಿಸಿದ್ದೆ. ಒಂದು ಎಂದೆ, ಹತ್ತು ಬಂತು. ಎರಡು, ಮೂರು, ನಾಲ್ಕು, ಎಲ್ಲ ಸರಾಗ. ಅದೇ ಓಟದಲ್ಲಿ "ಐದು" ಎಂದೆ.

"ಅರವತ್ತೇಳು."

ಶಾಲೆಯಲ್ಲಿ ಹಾಜರಿ ಕರೆದಾಗ ಹೇಳುವಂಥ ಸಾಧಾರಣ ದನಿ. ಲೆಕ್ಕ ಮುಗಿಯಿತು.

"ನೂರಾ ಅರವತ್ತೇಳು," ಎಂದರು ಭಾವ.

"ನೂರು ಬರ್ಬೇಕಿತ್ತಲ್ಲ ಭಾವ?"

"ಕೊನೇಲಿ ಅರವತ್ತೇಳು ಅಂದ್ರಲ್ಲ, ಅದನ್ನೂ ಕೂಡ್ಸಿದೆ."

ಕಾಗದದ ಮೇಲೆ ಬಗ್ಗಿ ನೋಡಿದೆ. ನಾಲ್ಕಕ್ಕೆ ನಿಲ್ಲಬೇಕಾದ ಪ್ರೋಗ್ರಾಂ ಇನ್ನೊಂದು ಮನೆ ದಾಟಿ ಹೋಗುತ್ತಿತ್ತು! ಒಬ್ಬಳೇ ಪರೀಕ್ಷಿಸುವಾಗ ಆ ಖಾಲಿ ಮನೆಗೆ ಸೊನ್ನೆ ಹಿಡಿಯುತ್ತಿದ್ದೆ, ಹಾಗಾಗಿ ಮೊತ್ತ ಸರಿಯಾಗಿಯೇ ಬರುತ್ತಿತ್ತು. "ಸಿಕ್ತು! ಸಿಕ್ತು!" ಎಂದು ಕುಣಿದುಬಿಟ್ಟೆ. ಏನೂ ಅರ್ಥವಾಗದಿದ್ದರೂ ಭಾವನ ತಾಯಿಯೂ ಚಪ್ಪಾಳೆ ತಟ್ಟಿದರು.

"ಅದಿರ್ಲಿ ಕಣೇ," ಎಂದಳು ಅಕ್ಕ, "ಐದು ಅಂದಾಗ ಹೇಳಿದ್ದು ಯಾರು?"

ಅಕ್ಕ ಅದು ರುದ್ರಪ್ಪನವರ ದನಿ ಎಂದುಕೊಂಡಿದ್ದಳು. ರುದ್ರಪ್ಪನವರು "ನಾನಲ್ರೀ, ಮೇಷ್ಟ್ರೇ ಅಂದ್ರು ಅನ್ಕೊಂಡೆ" ಎಂದರು. ಗೌರಮ್ಮನಿಗೆ ಅದು ಮನೆಯ ಒಳಗಿನಿಂದ ಬಂದಂತೆ ಕೇಳಿತ್ತು. ಒಳಗೆ ಯಾರೂ ಇರಲಿಲ್ಲ, ಹೋಗಿ ನೋಡಿದೆವು. ಬೀದಿಯೂ ಖಾಲಿ. ಕೇಳಿಸಲಿಲ್ಲ ಎಂದವರು ಮಾತ್ರ ಒಬ್ಬರೂ ಇಲ್ಲ.

ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಲಿಲ್ಲ, ಮೈಯೆಲ್ಲ ಕುತೂಹಲವಾಯಿತು. ಅವರನ್ನೇ ಕೂರಿಸಿ ತಪ್ಪು ಪ್ರೋಗ್ರಾಮನ್ನು ಮತ್ತೆ ಓದಿದೆ. ಐದು ಎಂದಾಗ ಮೌನ. ಮರುದಿನ ಬಸ್ಸು ಹತ್ತಿ ಸೊರಬದ ತವರುಮನೆಗೆ ಹೋದೆ. ಅಲ್ಲಿ ಅಪ್ಪ, ಅಮ್ಮ, ಚಿಕ್ಕಪ್ಪ ಎಲ್ಲರ ಕೈಗೂ ಸ್ಲೇಟು ಕೊಟ್ಟೆ. "ಖಾಲಿ ಜಾಗನ ಎಷ್ಟು ಸಲ ಕರೀತೀಯೆ ಮಾರಾಯ್ತಿ, ಊಟಕ್ಕೇಳು" ಎಂದು ಅಮ್ಮ ಗದರುವವರೆಗೂ ಕರೆದೆ. ಯಾರೂ ಓಗೊಡಲಿಲ್ಲ.

ಕಲ್ಕತ್ತೆಗೆ ಮರಳಿ, ತಿದ್ದಿದ ಪ್ರೋಗ್ರಾಮನ್ನು ಯಂತ್ರಕ್ಕೆ ಕೊಟ್ಟು ಅದರ ಪುಟ್ಟ ದೀಪಗಳ ಮೇಲೆ ಕಣ್ಣಿಟ್ಟು ನಿಂತೆ. ಮೊದಲು ಪರೀಕ್ಷೆಯ ಅಂಕಿಗಳು: ನೂರು. ಆಮೇಲೆ ನದಿಯ ಅಸಲು ಲೆಕ್ಕ. ಅದೂ ಸರಿಯಾಗಿ ಬಂತು. ಆನಂದಕ್ಕೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು, ಕುತೂಹಲಕ್ಕೆ ಹಳೆಯ ತಪ್ಪು ಪ್ರೋಗ್ರಾಮನ್ನೂ ಪರೀಕ್ಷೆಯ ಅಂಕಿಗಳ ಮೇಲೆ ಓಡಿಸಿದೆ.

ನೂರಾ ಅರವತ್ತೇಳು.

ಐದನೇ ಮನೆಯಲ್ಲಿ ಏನಿದೆ ಎಂದು ಯಂತ್ರ ನೋಡಿಕೊಳ್ಳುತ್ತಿದ್ದ ಇಂಜಿನಿಯರನ್ನು ಕೇಳಿದೆ. ತೆಗೆದು ತೋರಿಸಿದರು, ಅರವತ್ತೇಳು. ನನಗಿಂತ ಮೊದಲು ಯಂತ್ರ ಬಳಸಿದ್ದವರು ಅಳಿಸದೆ ಬಿಟ್ಟುಹೋದ ಅಂಕಿ. ಅವರನ್ನೂ ಹುಡುಕಿಕೊಂಡು ಹೋದೆ. ನಾನು ಕಲ್ಕತ್ತೆಗೆ ಮರಳಿದ ವಾರವಷ್ಟೇ ಒಂದು ಭತ್ತದ ಗದ್ದೆಯಲ್ಲಿ ತೆನೆ ಎಣಿಸಿ ತಂದದ್ದಂತೆ. ನಾನು ಶಿಕಾರಿಪುರದಲ್ಲಿ ಐದು ಎಂದು ಕೂಗಿದಾಗ ಆ ಅಂಕಿ ಯಾವ ಯಂತ್ರದಲ್ಲೂ ಇರಲಿಲ್ಲ, ಅದನ್ನು ಯಾರೂ ಎಣಿಸಿಯೇ ಇರಲಿಲ್ಲ.

ಕಾಕತಾಳೀಯ ಎನ್ನುತ್ತೀರಿ. ನಾನೂ ಎಂದು ನೋಡಿದ್ದೇನೆ. ಅಂಕಿ ತಾಳೆಯಾದದ್ದು ಕಾಕತಾಳೀಯವೇ ಇರಲಿ, ನುಡಿದ ದನಿಗೆ ಏನು ಹೇಳುವುದು?

ಮುಂದಿನ ರಜೆಯಲ್ಲಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವಳು ಹೂ ಕಟ್ಟುತ್ತಾ ಕೂತಿದ್ದಳು. "ಯಾರಾದ್ರೇನು ಬಿಡೆ, ನಿನ್ನ ತಪ್ಪು ಹಿಡಿದುಕೊಟ್ರಲ್ಲ, ಅಷ್ಟು ಊರು ಉಳೀತು," ಎಂದಳು. ಅವಳಿಗೆ ಅಷ್ಟು ಸಾಕು. ನನಗೆ ಇವತ್ತಿಗೂ ಸಾಕಾಗಿಲ್ಲ.