ಓ, ಬಂದೆ

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಹೀಗೆ ಶುರುಮಾಡುವ ಬರಹಗಳನ್ನು ಕಂಡಾಗಲೆಲ್ಲ "ಸಾಕು, ಮುಂದಿನದು ಹೇಳಮ್ಮ" ಎಂದು ಗೊಣಗಿದವಳೂ ನಾನೇ. ಈಗ ನನ್ನ ಸರದಿ ಬಂದಿದೆ, ಗೊಣಗಿಕೊಂಡೇ ಓದಿ. ಇಪ್ಪತ್ತೆರಡು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಮೌಂಟನ್ ವ್ಯೂನಿಂದ ಮೆನ್ಲೋ ಪಾರ್ಕಿಗೆ ಕಂಪನಿಯ ಶಟಲ್ ಬಸ್ಸಿನಲ್ಲಿ ಹೋಗಿ, ಇಡೀ ದಿನ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ, ಸಂಜೆ ಮನೆಗೆ ಬರುತ್ತೇನೆ. ಯಾವುದೇ ತಪ್ಪನ್ನು ಎರಡನೇ ಸಲ ಮಾಡಿ ತೋರಿಸಲಾಗದಿದ್ದರೆ ಅದನ್ನು ತಪ್ಪೆಂದು ನಾವು ಒಪ್ಪುವುದಿಲ್ಲ. ಒಮ್ಮೆ ಆಗಿದ್ದು ಆಗಿದ್ದೇ ಅಲ್ಲ ಎನ್ನುವುದು ನಮ್ಮ ಲೆಕ್ಕ.

ನನ್ನ ಅಜ್ಜಿ ಹಾಸನದ ಕಡೆಯವಳು. ಸೌದೆಗೆಂದು ಕಾಡಿಗೆ ಹೋದಾಗ ಯಾರನ್ನೂ ಹೆಸರು ಹಿಡಿದು ಕರೆಯಬಾರದು, ಬರೀ 'ಕೂ' ಹಾಕಬೇಕು ಎನ್ನುತ್ತಿದ್ದಳು. ಯಾಕಜ್ಜಿ ಎಂದರೆ, "ಹೆಸ್ರಿಡ್ದು ಕೂಗಿದ್ರೆ ಓಗೊಡೋರು ಯಾರೋ ಏನೋ, ಕಂಡೋರ್ಯಾರು?" ಎಂದು ಹೇಳಿ ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾನು ಅವಳ ಎದುರಿಗೇ ನಕ್ಕಿದ್ದೇನೆ. ಇಂಥ ಕಥೆಗಳೆಲ್ಲ ರಾತ್ರಿ ಹೊತ್ತಿನಲ್ಲೇ ಯಾಕೆ ನಡೆಯುತ್ತವೆ ಎಂದು ಅಣಕಿಸಿದ್ದೂ ಉಂಟು. ನನ್ನದು ನಡೆದದ್ದು ಮಟಮಟ ಮಧ್ಯಾಹ್ನ, ಊಟದ ಡಬ್ಬಿ ಕೈಯಲ್ಲಿ ಹಿಡಿದುಕೊಂಡಿದ್ದಾಗ.

ಅದಕ್ಕೆ ಮೊದಲು ನನ್ನ ಮಗಳ ವಿಷಯ ಹೇಳಬೇಕು. ಇಂಚರ ಹುಟ್ಟಿದ್ದು, ಬೆಳೆದದ್ದು ಇಲ್ಲೇ. ಭಾನುವಾರ ಭಾನುವಾರ ಸ್ಯಾನ್ ಮಟಿಯೋದ ಕನ್ನಡ ಕ್ಲಾಸಿಗೆ ಕರೆದುಕೊಂಡು ಹೋಗಿ ಕಾಗುಣಿತ ಕಲಿಸಿದ್ದೇನೆ. ನಾವಾಡುವುದೆಲ್ಲ ಅವಳಿಗೆ ಅರ್ಥವಾಗುತ್ತದೆ. ಆದರೆ ಕರೆದರೆ ಮಾತ್ರ ಒಂದೇ ಉತ್ತರ, "ವಾಟ್?" ನಮ್ಮಲ್ಲಿ ಹೆಸರು ಹಿಡಿದು ಕರೆದರೆ ಮಕ್ಕಳು 'ಓ' ಅನ್ನುತ್ತಾರೆ. ಕೈಯಲ್ಲಿ ಕೆಲಸವಿದ್ದರೆ 'ಓ, ಬಂದೆ' ಅನ್ನುತ್ತಾರೆ. ಕೂತಲ್ಲಿಂದ ಎದ್ದಿರುವುದೇ ಇಲ್ಲ, ಆದರೂ 'ಬಂದೆ'. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ನಮ್ಮ ಇಂಚರ ಬಹಳವೆಂದರೆ 'ಬರ್ತಾ ಇದ್ದೀನಿ' ಎಂದು ಪಾಠ ಒಪ್ಪಿಸುವಂತೆ ಹೇಳಿಯಾಳು. ಆ 'ವಾಟ್' ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೆತ್ತ ತಾಯಿ ಕರೆದರೆ ಕಸ್ಟಮರ್ ಕೇರ್‌ನವರ ಹಾಗೆ ಏನು ಬೇಕು ಎಂದು ಕೇಳುವ ಮಗಳು!

ಐದು ವರ್ಷದ ಹಿಂದೆ, ಅವಳಿಗೆ ಹನ್ನೆರಡಾಗಿದ್ದಾಗ, ನನ್ನ ಗಂಡ ಮಧುವಿನ ಆಫೀಸಿನ ಮೀಟಿಂಗು ನೈರೋಬಿಯಲ್ಲಿ ಇತ್ತು. ನಾನೂ ಇಂಚರಳೂ ಜೊತೆಗೆ ಹೋದೆವು. ಕೊನೆಯಲ್ಲಿ ಒಂದು ದಿನ ಉಳಿದಿತ್ತು. ಅವನು ಹೋಟೆಲಿನವರಿಗೆ ಹೇಳಿ ಒಂದು ದಿನದ ಸಫಾರಿ ಬುಕ್ ಮಾಡಿಸಿದ. ಬೆಳಗಿನ ಚಳಿಯಲ್ಲಿ ಹೊರಟು ಎರಡು ಗಂಟೆ ದೂರದ ಒಂದು ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ಚಾವಣಿ ಎತ್ತಬಹುದಾದ ವ್ಯಾನು, ನಾವು ಮೂವರು, ಜೊತೆಗೆ ಗೈಡೂ ಡ್ರೈವರೂ ಆಗಿದ್ದ ಜೋಸೆಫ್. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ನಾವು ಬರೀ ಹುಲ್ಲು ಕಾಣುವ ಕಡೆ ಅವನು ಪ್ರಾಣಿ ಕಾಣುತ್ತಿದ್ದ.

ಮಧು ಪುಣ್ಯಾತ್ಮ ಅಲ್ಲೂ ಮೀಟಿಂಗು ಬಿಡಲಿಲ್ಲ. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಘೇಂಡಾಮೃಗ ಎದುರಿಗೆ ನಿಂತಿದ್ದರೂ "ಯಾ, ಯಾ, ಮೇಕ್ಸ್ ಸೆನ್ಸ್" ಎನ್ನುತ್ತಿದ್ದ. ಆ ಸಿಟ್ಟು ಒಳಗೆ ಕುದಿಯುತ್ತಲೇ ಇತ್ತು. ಒಂದು ಜಿರಾಫೆ ರಸ್ತೆಯ ಪಕ್ಕದಲ್ಲೇ ಬಂದು ನಿಂತಾಗ ಮಗಳನ್ನು ಕರೆದೆ. ಕೇಳಲಿಲ್ಲ. ಎರಡನೇ ಸಲ ಕರೆದೆ. ಮೂರನೇ ಸಲಕ್ಕೆ ಹೆಡ್‌ಫೋನಿನ ಒಂದು ಕಿವಿ ಸರಿಸಿ "ವಾಟ್?" ಎಂದಳು. ಅಷ್ಟರಲ್ಲಿ ಜಿರಾಫೆ ತಿರುಗಿ ಹೊರಟಿತ್ತು.

"ವಾಟ್ ಅಂದ್ರೆ ಏನೇ ವಾಟ್? ಕರೆದ್ರೆ 'ಓ' ಅನ್ನೋಕೆ ಏನೇ ಕಷ್ಟ ನಿಂಗೆ? ಬಾಯಿ ಸವೆದು ಹೋಗುತ್ತಾ?" ಎಂದು ಕೂಗಿಬಿಟ್ಟೆ. ಭಾಷೆ ತಿಳಿಯದ ಜೋಸೆಫ್ ಕೂಡ ಕನ್ನಡಿಯಲ್ಲಿ ನನ್ನನ್ನು ನೋಡಿದ. ಮಧು ಮೀಟಿಂಗಿನ ಮಧ್ಯದಲ್ಲೇ, "ಇಲ್ಲೂ ಕನ್ನಡ ಕ್ಲಾಸಾ? ಬಿಡೇ," ಎಂದ. ಇಂಚರ ಮತ್ತೆ ಹೆಡ್‌ಫೋನು ಹಾಕಿಕೊಂಡು ಕಿಟಕಿಯ ಕಡೆ ತಿರುಗಿದಳು.

ಊಟಕ್ಕೆ ವ್ಯಾನಿನಿಂದ ಇಳಿಯಲು ಬಿಡುವ ಜಾಗ ಒಂದಿತ್ತು. ದೊಡ್ಡ ಮರ, ಅದರ ಕೆಳಗೆ ಕಲ್ಲುಬೆಂಚು, ಎಡಗಡೆ ಶೌಚಾಲಯ. ಸುತ್ತಲೂ ಸುಣ್ಣ ಬಳಿದ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದರು. ಕಲ್ಲಿನ ಈಚೆ ನಿಮ್ಮದು, ಆಚೆ ಅವುಗಳದು ಎಂದು ಜೋಸೆಫ್ ಮೂವರಿಗೂ ಬಿಡಿಸಿ ಹೇಳಿದ. ಆಚೆಗೆ ಎದೆಯೆತ್ತರದ ಒಣಹುಲ್ಲು. ಇಂಚರ ಅರ್ಧ ಸ್ಯಾಂಡ್‌ವಿಚ್ ತಿಂದು ಎದ್ದುಹೋದಳು. ಶೌಚಾಲಯಕ್ಕಿರಬೇಕು ಎಂದುಕೊಂಡೆ. ಮಧು ಮರದ ಆ ಕಡೆ ಫೋನಿನಲ್ಲಿ ಮಾತಾಡುತ್ತಾ ತಿರುಗುತ್ತಿದ್ದ. ನಾನು ಡಬ್ಬಿಗಳನ್ನು ಮುಚ್ಚುತ್ತಾ ತಲೆಯೆತ್ತಿ ನೋಡಿದರೆ ಮಗಳು ಬಂದಿರಲಿಲ್ಲ.

"ಇಂಚರಾ!" ಎಂದು ಕರೆದೆ. ಉತ್ತರವಿಲ್ಲ. ಇನ್ನೊಮ್ಮೆ ಜೋರಾಗಿ ಕರೆದೆ.

"ಓ... ಬಂದೆ!"

ದನಿ ಬಂದದ್ದು ಬಲಗಡೆಯ ಹುಲ್ಲಿನೊಳಗಿಂದ, ಕಲ್ಲಿನ ಸಾಲಿನಿಂದ ಮೂವತ್ತು ಹೆಜ್ಜೆ ಆಚೆಯಿಂದ. ನನ್ನ ಮಗಳದೇ ದನಿ. ಸ್ವಲ್ಪ ದಪ್ಪಗೆ ಕೇಳಿಸಿತು, ಬೆಳಗಿನ ಚಳಿಗೆ ಗಂಟಲು ಕಟ್ಟಿರಬೇಕು ಎಂದುಕೊಂಡೆ. ಇನ್ನು ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನನಗೆ ಮೊದಲು ಆದದ್ದು ಹೆದರಿಕೆಯಲ್ಲ, ಗೆದ್ದ ಖುಷಿ. ಬೈದದ್ದಕ್ಕೆ ಅಂತೂ ದಾರಿಗೆ ಬಂದಳು ಎನ್ನಿಸಿತು. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. ಅಷ್ಟು ಹೇಳಿದರೂ ಕಲ್ಲು ದಾಟಿ ಹೋಗಿದ್ದಾಳಲ್ಲ, ಇವತ್ತು ಇವಳ ಕಿವಿ ಹಿಂಡದೆ ಬಿಡುವುದಿಲ್ಲ ಎಂದು ನಾನೂ ಕಲ್ಲು ದಾಟಿದೆ. ಸಿಟ್ಟು ಬಂದವಳಿಗೆ ಸಿಂಹ ಎಲ್ಲಿ ನೆನಪಿರುತ್ತದೆ?

ಹತ್ತು ಹನ್ನೆರಡು ಹೆಜ್ಜೆ ಹೋಗಿರಬೇಕು. ಹುಲ್ಲು ಎದೆಗೆ ತಾಗುತ್ತಿತ್ತು. "ಎಲ್ಲಿದ್ದೀಯೇ?" ಎಂದೆ.

"ಓ... ಬಂದೆ!"

ಅದೇ ಜಾಗ. ಅದೇ ಎಳೆತ, ಅದೇ ಉದ್ದ. ಒಂದು ಕೂದಲೆಳೆಯೂ ಹತ್ತಿರ ಬಂದಿರಲಿಲ್ಲ. ಬಂದೆ ಅಂದದ್ದು ಬರುತ್ತಿಲ್ಲ, ಹೋಗುತ್ತಿರುವವಳು ನಾನು. ಆಗ ತಲೆಗೆ ಹೊಳೆಯಿತು. ನನ್ನ ಮಗಳು ಹನ್ನೆರಡು ವರ್ಷದಲ್ಲಿ ಒಂದೇ ಒಂದು ಸಲ ನನಗೆ 'ಓ' ಅಂದವಳಲ್ಲ. 'ಬಂದೆ' ಎನ್ನುವುದಂತೂ ಅವಳ ಬಾಯಿಗೆ ಬರುವ ಮಾತೇ ಅಲ್ಲ. ಕಾಲುಗಳು ಅಲ್ಲೇ ನಿಂತುಬಿಟ್ಟವು.

ಅಷ್ಟರಲ್ಲಿ ನನ್ನ ಬೆನ್ನ ಹಿಂದೆ, ವ್ಯಾನಿನ ಕಡೆಯಿಂದ, ನಿದ್ದೆಗಣ್ಣಿನ ದನಿಯೊಂದು ಕೇಳಿಸಿತು. "ವಾಟ್, ಅಮ್ಮಾ?"

ಅವಳು ವ್ಯಾನಿನ ಹಿಂದಿನ ಸೀಟಿನಲ್ಲಿ ಮಲಗಿದ್ದಳು. ನನ್ನ ಮೇಲಿನ ಕೋಪಕ್ಕೆ ಅಲ್ಲಿ ಹೋಗಿ ಮಲಗಿಬಿಟ್ಟಿದ್ದಳು. ಜೋಸೆಫ್ ಕಲ್ಲಿನ ಸಾಲಿನ ಹತ್ತಿರ ಬಂದು ನಿಂತಿದ್ದ. ಓಡಬೇಡಿ, ತಿರುಗಬೇಡಿ, ಹುಲ್ಲನ್ನೇ ನೋಡುತ್ತಾ ಹಿಂದಕ್ಕೆ ಹೆಜ್ಜೆ ಇಡಿ ಎಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದ. ಹಾಗೇ ಬಂದೆ. ನಮ್ಮನ್ನೆಲ್ಲ ವ್ಯಾನಿಗೆ ಹತ್ತಿಸಿ, ಬಾಗಿಲು ಹಾಕಿ, ಅವನು ಒಳಗಿದ್ದವರನ್ನು ಎಣಿಸಿದ. ಒಂದು, ಎರಡು, ಮೂರು. ಮತ್ತೊಮ್ಮೆ ಎಣಿಸಿದ. ನಿಮ್ಮ ಜೊತೆ ಇನ್ನೊಂದು ಹುಡುಗಿ ಬಂದಿದ್ದಳೇ ಎಂದು ಕೇಳಿದ. ಇಲ್ಲ ಎಂದೆ. "ಹಾಗಾದರೆ ನಿಮಗೆ ಉತ್ತರ ಕೊಟ್ಟವರು ಯಾರು?" ಎಂದ.

ಮಧು ಆಗ ಇಯರ್‌ಫೋನು ತೆಗೆದು "ಏನಾಯ್ತು?" ಎಂದ. ಆ 'ಏನಾಯ್ತು'ವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಜೋಸೆಫ್ ವ್ಯಾನನ್ನು ಸುತ್ತು ಹಾಕಿಸಿ ಹುಲ್ಲಿನ ಆ ಕಡೆಗೆ ತಂದ. ನಾನು ಹೋಗುತ್ತಿದ್ದ ನೇರಕ್ಕೇ ಸಿಂಹಿಣಿಯೊಂದು ಗಲ್ಲವನ್ನು ನೆಲಕ್ಕೆ ಹಚ್ಚಿ ಮಲಗಿತ್ತು. ಕಿವಿ ಮಾತ್ರ ನೆಟ್ಟಗಿತ್ತು. ಬೇರೆ ಯಾರೂ ಇರಲಿಲ್ಲ. ಅವನು ವೈರ್‌ಲೆಸ್ಸಿನಲ್ಲಿ ಹೇಳಿ ಅರಣ್ಯದವರನ್ನು ಕರೆಸಿದ. ಅವರ ಗಾಡಿ ಒಂದು ಗಂಟೆ ಹುಲ್ಲೆಲ್ಲ ಜಾಲಾಡಿತು. ಆವತ್ತು ಉದ್ಯಾನದೊಳಗೆ ಬಂದ ಯಾವ ಮಗುವೂ ತಪ್ಪಿಸಿಕೊಂಡಿರಲಿಲ್ಲ.

ಊರಿಗೆ ಮರಳಿದ ಮೇಲೆ ಶುರುವಾಯಿತು ನೋಡಿ ಅಸಲಿ ಕಾಟ. ಬೇ ಏರಿಯಾದಲ್ಲಿ ಪ್ರತಿಯೊಬ್ಬರ ಹತ್ತಿರವೂ ಪ್ರತಿಯೊಂದಕ್ಕೂ ವಿವರಣೆ ಇರುತ್ತದೆ. ಸ್ಯಾನ್ ಮಟಿಯೋದಲ್ಲಿ ಸ್ನೇಹಿತರ ಮನೆಯಲ್ಲಿ ದೊಡ್ಡವರು ಮಾತ್ರ ಸೇರಿದ್ದ ಊಟವೊಂದರಲ್ಲಿ ಮಧು ಇದನ್ನೇ ಜೋಕು ಮಾಡಿದ. "ನಮ್ಮನೆಯವಳು ಹೋಗಿ ಸಿಂಹಕ್ಕೂ ಕನ್ನಡ ಕಲಿಸಿಬಂದ್ಲು," ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಡಾಕ್ಟರೊಬ್ಬರು ಬಿಸಿಲು, ಡಿಹೈಡ್ರೇಷನ್ನು ಎಂದರು. ಗೈಡೂ ಕೇಳಿಸಿಕೊಂಡನಲ್ಲ ಎಂದರೆ, ಟೂರಿಸ್ಟುಗಳನ್ನು ಖುಷಿಪಡಿಸೋಕೆ ಅವರು ಏನು ಬೇಕಾದರೂ ಹೇಳ್ತಾರೆ ಎಂದರು. ಇನ್ನೊಬ್ಬ ಮಹಾಶಯ ಫೋನು ತೆಗೆದು ಸಿಂಹಿಣಿ ಮರಿಗಳನ್ನು ಕರೆಯುವ ಸದ್ದು ಹಾಕಿ ಕೇಳಿಸಿದ. "ನೋಡಿ, ಇದೂ 'ಓ' ಅನ್ನೋ ಥರಾನೇ ಇದೆ."

"ಓ ಅಂದಿರ್ಬಹುದು. 'ಬಂದೆ' ಅನ್ನೋಕೆ ಅದು ಯಾವ ಕನ್ನಡ ಕ್ಲಾಸಿಗೆ ಹೋಗಿತ್ತು?" ಎಂದೆ. ತಟ್ಟೆಯಲ್ಲಿ ಬಿಸಿಬೇಳೆಬಾತ್ ಹಾಗೇ ಬಿಟ್ಟು ಎದ್ದೆ.

ಅಂದಿನಿಂದ ನಾನು ಇಂಚರಳ 'ವಾಟ್'ಗೆ ಒಂದು ಮಾತೂ ಆಡಿಲ್ಲ. ಆ 'ವಾಟ್' ಅಲ್ಲವೇ ನನ್ನನ್ನು ಉಳಿಸಿದ್ದು? ಕರೆದಾಗ ಅದು ಕಿವಿಗೆ ಬಿದ್ದರೆ ಸಾಕು, ನನ್ನ ಮಗಳೇ, ಇಲ್ಲೇ ಇದ್ದಾಳೆ ಎಂದು ಜೀವಕ್ಕೆ ಸಮಾಧಾನವಾಗುತ್ತಿತ್ತು. ಹುಲ್ಲಿನಲ್ಲಿ ಕೇಳಿಸಿದ ಮಾತು ಏನೆಂದು ಅವಳಿಗೆ ನಾವು ಹೇಳಿರಲಿಲ್ಲ. ಮಗು ಹೆದರೀತು ಎಂದು ಬರೀ ಸಿಂಹಿಣಿಯ ಕಥೆ ಹೇಳಿ ಸುಮ್ಮನಾಗಿದ್ದೆವು. ನಾನು ಬೈಯುವುದು ಬಿಟ್ಟದ್ದನ್ನು ಅವಳು ಬೇರೆಯೇ ರೀತಿ ತಿಳಿದುಕೊಂಡಿದ್ದಳು. ತನ್ನ ಕನ್ನಡದ ಮೇಲೆ ಅಮ್ಮ ಆಸೆ ಬಿಟ್ಟುಬಿಟ್ಟಳು ಎಂದುಕೊಂಡಿದ್ದಳು. ಅದು ನನಗೆ ಗೊತ್ತಾದದ್ದು ಹೋದ ತಿಂಗಳು.

ಈಗ ಅವಳಿಗೆ ಹದಿನೇಳು. ಇನ್ನು ಸ್ವಲ್ಪ ದಿನಕ್ಕೆ ಕಾಲೇಜಿಗೆಂದು ದೂರ ಹೊರಡುತ್ತಾಳೆ. ಒಂದು ಸಂಜೆ ಚಪಾತಿ ಬೇಯಿಸುತ್ತಾ "ಇಂಚರಾ!" ಎಂದು ಕರೆದೆ. ಉತ್ತರವಿಲ್ಲ. ಇನ್ನೊಮ್ಮೆ ಜೋರಾಗಿ ಕರೆದೆ.

"ಓ... ಬಂದೆ!"

ಅದೇ ಎಳೆತ, ಅದೇ ಉದ್ದ. ಸ್ವಲ್ಪ ದಪ್ಪಗಿನ ದನಿ. ಆವತ್ತು ಹುಲ್ಲಿನೊಳಗಿನ ದನಿಗೆ ಗಂಟಲು ಕಟ್ಟಿರಲಿಲ್ಲ. ಆವತ್ತು ನಾನು ಕೇಳಿದ್ದು ಹನ್ನೆರಡರ ಹುಡುಗಿಯ ದನಿಯೇ ಅಲ್ಲ, ಹದಿನೇಳರ ಈ ದನಿ.

ನಾನು ಕಿರುಚಿದೆನಂತೆ. ಚಪಾತಿ ಹೆಂಚಿನ ಮೇಲೆ ಸೀದುಹೋಯಿತು. ಇಂಚರ ನಗುತ್ತಾ ಓಡಿಬಂದವಳು ಬಾಗಿಲಲ್ಲೇ ನಿಂತಳು. "ಯಾರೇ ಹೇಳ್ಕೊಟ್ಟಿದ್ದು ಹಾಗನ್ನೋಕೆ? ಇನ್ನೊಂದ್ಸಲ ಅಂದ್ರೆ ಸುಮ್ನಿರಲ್ಲ ನಾನು!" ಎಂದು ಮೈಮೇಲೆ ಬಂದವಳ ಹಾಗೆ ಕೂಗಾಡಿದೆ. ಅವಳ ಮುಖ ಬಾಡಿಹೋಯಿತು. "ಅಜ್ಜಿ ಟಾಟ್ ಮಿ," ಎಂದಳು. "ವೀಡಿಯೋ ಕಾಲ್‌ನಲ್ಲಿ. ಐ ಪ್ರಾಕ್ಟೀಸ್ಡ್ ಫಾರ್ ವೀಕ್ಸ್, ಅಮ್ಮಾ. ನಿಂಗೆ ಸರ್‌ಪ್ರೈಸ್ ಅಂತ." ಮೈಸೂರಿನಲ್ಲಿರುವ ನನ್ನ ಅಮ್ಮನ ಹತ್ತಿರ ಆ ಎಳೆತವನ್ನೂ ಬಿಡದೆ ಕಲಿತಿದ್ದಳು, ಕಾಲೇಜಿಗೆ ಹೋಗುವ ಮೊದಲು ನನಗೊಂದು ಉಡುಗೊರೆ ಕೊಡಬೇಕೆಂದು. ಇಷ್ಟು ವರ್ಷ ನಾನು ಜಗಳವಾಡಿ ಬೇಡಿದ್ದ ಎರಡು ಮಾತನ್ನು ಅವಳು ತಂದು ಕೈಗಿಟ್ಟಳು, ನಾನು ಮುಖಕ್ಕೆ ಎಸೆದೆ.

ಎರಡನೇ ಸಲ ಆಗದಿದ್ದರೆ ಒಪ್ಪುವುದಿಲ್ಲ ಎಂದಿದ್ದೆನಲ್ಲ, ಆಯಿತು. ಈಗ ಇದನ್ನು ಏನೆಂದು ಒಪ್ಪಿಕೊಳ್ಳಲಿ? ಇವಳ ಈ ದನಿ ಐದು ವರ್ಷ ಮೊದಲೇ ಆ ಹುಲ್ಲಿನೊಳಗೆ ಹೇಗೆ ಹೋಗಿ ಕೂತಿತ್ತು? ನನ್ನನ್ನು ಸಿಂಹಿಣಿಯ ಕಡೆಗೆ ಕರೆದದ್ದೋ, ಅದರಿಂದ ತಡೆದದ್ದೋ? ಮಧುವನ್ನು ಕೇಳಿದರೆ, "ನೀನು ಸ್ವಲ್ಪ ರೆಸ್ಟ್ ತಗೋ," ಎನ್ನುತ್ತಾನೆ.

ಇಂಚರಳಿಗೆ ನಿಜ ಹೇಳಿಲ್ಲ. ಈಗ ಊಟದ ಹೊತ್ತಿಗೆ ನಾನು ಅವಳನ್ನು ಹೆಸರು ಹಿಡಿದು ಕರೆಯುವುದಿಲ್ಲ. ಒಲೆ ಆರಿಸಿ, ಕೈ ಒರೆಸಿಕೊಂಡು, ಅವಳ ರೂಮಿನವರೆಗೆ ಹೋಗಿ ಬಾಗಿಲು ತಟ್ಟುತ್ತೇನೆ. ಅಮ್ಮನಿಗೆ ತನ್ನ ಮೇಲೆ ಇನ್ನೂ ಕೋಪ ಇಳಿದಿಲ್ಲ ಎಂದು ಅವಳು ಅಂದುಕೊಂಡಿದ್ದಾಳೆ. ಕೋಪ ಇಳಿದಿಲ್ಲ ಎನ್ನುವುದೇನೋ ನಿಜ. ಯಾರ ಮೇಲೆ ಎಂದು ಮಾತ್ರ ನನಗೂ ಗೊತ್ತಿಲ್ಲ.