ಸಾಹುಕಾರರ ಸಾಯುವ ಪಾರ್ಟು

ನಾಟಕ ಬರೆಯುವುದನ್ನು ನನಗೆ ಯಾರೂ ಕಲಿಸಲಿಲ್ಲ. ರಾಯಚೂರಿಗೆ ಕಂಪನಿ ನಾಟಕ ಬಂದಾಗ ನೋಡಿದೆ, ಅಷ್ಟೇ. ವಾಪಸು ದೇವದುರ್ಗಕ್ಕೆ ಬರುವಾಗ ಬಂಡಿಯಲ್ಲಿ ಕೂತು ರಾಜನಂತೆ ಅಬ್ಬರಿಸಿದೆ ನೋಡಿ, ಎತ್ತುಗಳು ರಸ್ತೆ ಬಿಟ್ಟು ಜೋಳದ ಹೊಲಕ್ಕಿಳಿದವು. ಬಂಡಿಯವನು ನನ್ನನ್ನು ಇಳಿಸಿ ಹೋದ. ನಡೆಯುತ್ತ ನಡೆಯುತ್ತಲೇ ನನ್ನ ಮೊದಲ ನಾಟಕದ ಮೊದಲ ಅಂಕ ಮುಗಿಯಿತು.

ಅದೊಬ್ಬ ರಾಜನ ಕಥೆ. ಕೊನೆಗೆ ಬಾಣ ತಾಗಿ ಸಾಯುತ್ತಾನೆ. ಪರದೆ ಕೊಟ್ಟವರಿಗೇ ರಾಜನ ಪಾರ್ಟು ಎಂಬುದು ನಮ್ಮ ಕಡೆಯ ರೂಢಿ. ಕೊಟ್ಟವರು ಊರಿನ ಅರಿವಿ ಅಂಗಡಿ ಸಾಹುಕಾರರು. ಅವರಿಗೆ ರಾಜನಾಗುವುದಕ್ಕಿಂತ ಸಾಯುವ ಆಸೆಯೇ ಹೆಚ್ಚು. ಗಿರಾಕಿ ಇಲ್ಲದಾಗ ಅಂಗಡಿಯಲ್ಲೇ ಬಟ್ಟೆಯ ಥಾನುಗಳ ಮೇಲೆ ಬಿದ್ದು ಸಾಯುವುದು. ಗಿರಾಕಿ ಬಂದರೆ ಎದ್ದು ಅರಿವಿ ಅಳೆದು ಕೊಟ್ಟು, ಮತ್ತೆ ಬಾಣ ತಾಗಿಸಿಕೊಳ್ಳುವುದು.

ಆಗ ನಿಜಾಮರ ಆಡಳಿತ. ನಾಟಕಕ್ಕೆ ಪೊಲೀಸ್ ಅಮೀನರ ಪರವಾನಗಿ ಬೇಕು. ಅವರಿಗೆ ಕನ್ನಡ ಓದಲು ಬಾರದು. ಠಾಣೆಯಲ್ಲಿ ನಿಂತು ನನ್ನ ಸಂತೆಯ ಉರ್ದುವಿನಲ್ಲಿ ಕಥೆ ಹೇಳಿದೆ. ರಾಜ ಸಾಯುತ್ತಲೇ ಅವರು ಚಹಾದ ಕಪ್ಪು ಕೆಳಗಿಟ್ಟರು.

"ನಿಜಾಮರ ರಾಜ್ಯದಾಗ ರಾಜಾ ಸಾಯಾಂಗಿಲ್ಲ," ಎಂದರು. "ನಾ ಬಂದು ನೋಡ್ತೀನಿ. ಪರದಾ ಬೀಳೂ ಹೊತ್ತಿಗೆ ಬಾದಶಾ ನಿಂತಿರಬೇಕು. ನಿಂತಿದ್ರ ಮಾನ್ವಿಯಾಗೂ ಆಡಾಕ ಅಲ್ಲಿ ಅಮೀನಗ ನಾನೇ ಹೇಳ್ತೀನಿ. ಬಿದ್ದಿದ್ರ ನಿನ್ನ ನಾಟಕ ಇಲ್ಲೇ ಖತಂ."

ಮಾನ್ವಿಯಲ್ಲಿ ಆಡಿದರೆ ಸುದ್ದಿ ರಾಯಚೂರಿಗೆ ಮುಟ್ಟುತ್ತದೆ, ಆಮೇಲೆ ನಾನು ನಾಟಕಕಾರನೇ ಸೈ! ಓಡಿಹೋಗಿ ಸಾಹುಕಾರರಿಗೆ, ದಯವಿಟ್ಟು ಬದುಕಿಬಿಡಿ ಎಂದು ಬೇಡಿಕೊಂಡೆ.

"ಲೇ ತಮ್ಮಾ, ಸಾಯಾಕಂತನ ಪರದಿ ಕೊಟ್ಟೀನಿ. ಬದುಕೂದನ್ನ ಅಂಗಡ್ಯಾಗ ದಿನಾ ಮಾಡಾಕತ್ತೀನಲ್ಲ."

ಕಾಲು ಹಿಡಿದ ಮೇಲೆ ಹೂಂ ಎಂದರು. ಅದು ಬಣ್ಣ ಬಿಡುವ ಸೀರೆ ಮಾರುವಾಗ ಗಿರಾಕಿಗೆ ಹೇಳುವ ಹೂಂ ಎಂದು ನನಗೆ ಹೊಳೆಯಲಿಲ್ಲ.

ನಾಟಕದ ದಿನ ಅಮೀನರು ಮುಂದಿನ ಕುರ್ಚಿಯಲ್ಲಿ. ಬಾಣ ತಾಗಿತು. ತುಂಬಿದ ಜನವನ್ನು ಕಂಡದ್ದೇ ತಡ, ಸಾಹುಕಾರರು ಕೊಟ್ಟ ಮಾತು ಮರೆತರು. ಆ ಮೂಲೆಯಿಂದ ಈ ಮೂಲೆಗೆ ತೂರಾಡಿದರು, ತಾಯಿಯನ್ನು ಕರೆದರು, ಭೂಮಿಯನ್ನು ಕರೆದರು, ದೊಪ್ಪನೆ ಬಿದ್ದರು. ಅಮೀನರು ಕುರ್ಚಿ ಸರಿಸಿ ಎದ್ದರು. ಪರದೆಯ ಹಗ್ಗ ನನ್ನ ಕೈಯಲ್ಲಿತ್ತು. ಬಿಟ್ಟರೆ ರಾಜ ಸತ್ತಂತೆ. ಬಿಡದಿದ್ದರೆ ಹೆಣ ಕಾಯಬೇಕು.

ನಮ್ಮ ಜನ ಹಾಡು ಹಿಡಿಸಿದರೆ 'ಒನ್ಸ್ ಮೋರ್' ಎನ್ನುತ್ತಾರೆ, ನಟ ಮತ್ತೆ ಹಾಡಲೇಬೇಕು. ಸಾವಿಗೆ ಯಾಕೆ ಆಗಬಾರದು? ಮರೆಯಿಂದ ನಾನೇ ಕೂಗಿದೆ. ಜನವೂ ಕೂಗಿತು. ಸಾಹುಕಾರರು ಒಂದು ಕಣ್ಣು ತೆರೆದರು. ಇನ್ನೊಮ್ಮೆ ಸಾಯುವ ಭಾಗ್ಯ ಸಿಕ್ಕ ಖುಷಿಗೆ ಎದ್ದು ನಿಂತು, ಧೋತರ ಕೊಡವಿ, ಎದೆಗೆ ಕೈ ಒಯ್ದರು. ಅಷ್ಟರಲ್ಲಿ ಹಗ್ಗ ಬಿಟ್ಟೆ.

ಅಮೀನರು ಒಳಗೆ ಬಂದು ರಾಜನನ್ನು ಮೇಲಿಂದ ಕೆಳಗೆ ನೋಡಿದರು.

"ಜಿಂದಾ ಅದಾನ," ಎಂದು ಹೋದರು.

ಮಾನ್ವಿಗೆ ಸುತ್ತಲ ಹಳ್ಳಿಯವರೆಲ್ಲ ಸತ್ತು ಏಳುವ ರಾಜನನ್ನು ನೋಡಲು ಬಂದರು. ಆಮೇಲೆ ರಾಯಚೂರಿನವರು ಹೊಸ ನಾಟಕ ಕೇಳಿದರು. ರಾಜರ ಸಹವಾಸವೇ ಬೇಡವೆಂದು ಒಂದು ಮದುವೆಯ ಕಥೆ ಬರೆದೆ, ಬರೀ ನಗೆ. ಸಾಹುಕಾರರಿಗೆ ಪೂರ್ತಿ ಓದಿದೆ. ಹೊಸ ಪರದೆಯನ್ನು ತೊಡೆಯ ಮೇಲಿಟ್ಟುಕೊಂಡೇ ಕೇಳಿದರು.

"ಛಲೋ ಅದ ತಮ್ಮಾ," ಎಂದರು. "ನಾ ಎಲ್ಲಿ ಸಾಯ್ಲಿ?"